10ಎಕ್ಸ್ ಟ್ರಿಪ್ಲೆಟ್ ಲೆನ್ಸ್: ಗಾಜು ಚೆನ್ನ, ತಿರುಪು ಸಡಿಲ

ಆಭರಣದಂಗಡಿಯವರು ವಜ್ರ ನೋಡಲು ಬಳಸುವ ಮಡಚುವ ಲೆನ್ಸ್ ಇದು. ಗಾಜು 21 ಮಿ.ಮೀ., ಲೋಹದ ಕವಚ, ಬೆಲೆ ಸಾವಿರ ರೂಪಾಯಿಯೊಳಗೆ. ನಾನು ಸಸ್ಯ ವರ್ಗೀಕರಣದಲ್ಲೇ ಕೆಲಸ ಮಾಡಿ ನಿವೃತ್ತಳಾದವಳು. ಹಳೆಯ ಲೆನ್ಸಿಗೆ ಮಲೆನಾಡಿನ ಮಳೆಗಾಲದ ಬೂಷ್ಟು ಹಿಡಿದು ಗಾಜು ಮಂಜಾಯಿತು, ಅದಕ್ಕೇ ಇದನ್ನು ತರಿಸಿದ್ದು.

ಇದಕ್ಕಿಂತ ಅಗ್ಗಕ್ಕೆ, ಪುಟ್ಟ ದೀಪ ಸಮೇತ, '60ಎಕ್ಸ್' ಎಂದು ಬರೆದುಕೊಂಡವೂ ಮಾರಾಟಕ್ಕಿವೆ. ಆ ಅಂಕಿಗೆ ಮರುಳಾಗಬೇಡಿ. ನಿಜಕ್ಕೂ 60 ಪಟ್ಟು ಹಿಗ್ಗಿಸುವ ಲೆನ್ಸಾದರೆ ಹೂವನ್ನು ಗಾಜಿನಿಂದ ಸುಮಾರು 4 ಮಿ.ಮೀ. ದೂರದಲ್ಲಿ ಅಲುಗಾಡದೆ ಹಿಡಿಯಬೇಕು. ಬೆಳಕಿಗೆ ದಾರಿ ಎಲ್ಲಿ? 10ಎಕ್ಸ್‌ನಲ್ಲಿ ಎರಡೂವರೆ ಸೆಂ.ಮೀ. ಜಾಗ ಸಿಗುತ್ತದೆ. ಲೆನ್ಸನ್ನು ಕಣ್ಣಿಗೆ ಒತ್ತಿಕೊಂಡಂತೆ ಹಿಡಿದು ಗಿಡವನ್ನು ಹತ್ತಿರಕ್ಕೆ ತರಬೇಕು. ಪತ್ತೇದಾರರ ಹಾಗೆ ಕೈ ಚಾಚಿ ನೋಡಿದರೆ ಏನೂ ಕಾಣದು. ಮೂರು ಗಾಜು ಅಂಟಿಸಿ ಮಾಡಿರುವುದರಿಂದ ಅಂಚಿನಲ್ಲಿ ಕಾಮನಬಿಲ್ಲಿನ ಗೆರೆ ಬರುವುದಿಲ್ಲ. ರೋಮ ಬಿಳಿಯೋ ಕಂದೋ ಎಂಬುದರ ಮೇಲೆ ಗಿಡದ ಹೆಸರೇ ಬದಲಾಗುವ ಕಸುಬಿನಲ್ಲಿ ಇದು ಸಣ್ಣ ಮಾತಲ್ಲ.

ಮೊದಲು ತುತ್ತಿ ಎಲೆ ಹಿಡಿದೆ. ನಕ್ಷತ್ರದಂತೆ ಕವಲೊಡೆದ ರೋಮಗಳು ಒಂದೊಂದೂ ಬಿಡಿಬಿಡಿಯಾಗಿ ಕಂಡವು. ದಡಸಲು ಎಲೆಯಲ್ಲೂ ಅಂಥವೇ. ನಾವು ಓದುವಾಗ ಇವೆಲ್ಲ ಬೇರೆ ಬೇರೆ ಕುಟುಂಬ: ತುತ್ತಿ ಮಾಲ್ವೇಸಿ, ದಡಸಲು ಟಿಲಿಯೇಸಿ, ಬೂರುಗ ಬೊಂಬಕೇಸಿ, ಕೋಕೋ ಸ್ಟರ್ಕ್ಯುಲಿಯೇಸಿ. 1998ರಲ್ಲಿ ಎಪಿಜಿ ಎಂಬ ಸಸ್ಯವಿಜ್ಞಾನಿಗಳ ತಂಡ ಹೂಗಿಡಗಳಿಗೆ ಡಿಎನ್‌ಎ ಆಧಾರದ ವರ್ಗೀಕರಣ ಪ್ರಕಟಿಸಿದಾಗ ಎಲ್ಲವೂ ಮಾಲ್ವೇಸಿಯೊಳಗೆ ಬಂದವು. ಹರ್ಬೇರಿಯಂ ಕಪಾಟಿನಲ್ಲಿ ಒಣಗಿಸಿದ ಗಿಡ ಅಂಟಿಸಿದ ಹಾಳೆಗಳನ್ನು ಎತ್ತಿಡುವ ರಗಳೆ ಬೇರೆ. ಆ ರೋಮ ನೋಡುತ್ತ ಬಂದವರಿಗೆ ಅಂಥ ಆಶ್ಚರ್ಯವಾಗಲಿಲ್ಲ.

ಆಮೇಲೆ ಎಕ್ಕ. ಹೂವಿನ ನಡುವಿನಿಂದ ಸೂಜಿ ತುದಿಯಲ್ಲಿ ಎಳೆದರೆ ಕಪ್ಪು ಗಂಟೊಂದಕ್ಕೆ ಜೋತ ಎರಡು ಹಳದಿ ಪರಾಗಚೀಲ ಬರುತ್ತವೆ. ಇವು ಸೊಗಸಾಗಿ ಕಾಣುತ್ತವೆ, ಈ ಲೆನ್ಸಿನ ಹಣ ಇಲ್ಲೇ ಹುಟ್ಟಿತು. ಇಂಥ ಪರಾಗಚೀಲದ ಗಿಡಗಳಿಗೆ ಆಸ್ಕ್ಲೆಪಿಯಡೇಸಿ ಎಂಬ ಬೇರೆ ಕುಟುಂಬವನ್ನೇ ಕೊಟ್ಟಿದ್ದರು. ಆದರೆ ಕಣಗಿಲೆ, ನಂದಿಬಟ್ಟಲುಗಳ ಅಪೊಸೈನೇಸಿ ವಂಶದ ಒಳಗಿನ ಕವಲೊಂದರಲ್ಲೇ ಅವು ಹುಟ್ಟಿಕೊಂಡವು. ಆ ಕವಲನ್ನು ಮಾತ್ರ ಕಿತ್ತು ಹೊರಗಿಟ್ಟರೆ ಉಳಿದ ಅಪೊಸೈನೇಸಿ ಒಂದು ಪೂರ್ಣ ವಂಶವಾಗಿ ಉಳಿಯುವುದಿಲ್ಲ. ಹಾಗಾಗಿ ಎಕ್ಕವೂ ಈಗ ಅಪೊಸೈನೇಸಿ. ಲಕ್ಷಣ ಎಷ್ಟೇ ವಿಚಿತ್ರವಾಗಿರಲಿ, ಕೇಳಬೇಕಾದ್ದು ಅದು ಯಾವ ಕವಲಿನಲ್ಲಿ ಬಂತು ಎಂದು. ವಿದ್ಯಾರ್ಥಿಗಳಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಹೋಗಿದೆ.

ಲೆನ್ಸಿನ ಮಿತಿಯನ್ನೂ ಹೇಳಬೇಕು. ನಾನು ಪಿಎಚ್‌ಡಿ ಮಾಡಿದ್ದು ಎರಿಯೋಕಾಲನ್ ಮೇಲೆ. ಮಳೆಗಾಲದಲ್ಲಿ ಜಂಬಿಟ್ಟಿಗೆ ಹಾಸಿನ ಮೇಲೆ ಬಿಳಿ ಗುಂಡುಗಳಾಗಿ ಏಳುವ ಪುಟ್ಟ ಗಿಡ. ಪರಾಗಕೋಶ ಕಪ್ಪೋ ಬಿಳಿಯೋ ಎಂಬವರೆಗೆ 10ಎಕ್ಸ್ ಒಯ್ಯುತ್ತದೆ. ಪ್ರಭೇದ ಗಟ್ಟಿಮಾಡಲು ಬೀಜದ ಸಿಪ್ಪೆಯ ವಿನ್ಯಾಸ ಬೇಕು, ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಸರಿ. ಇನ್ನು ತಾವರೆಗೆ ನೈದಿಲೆಗಿಂತ ಕಾಫಿ ತೋಟದ ಸಿಲ್ವರ್ ಓಕ್ ಹತ್ತಿರದ ನೆಂಟ ಎಂಬುದನ್ನು ಯಾವ ಗಾಜೂ ಹೇಳದು; ಜೀನುಗಳನ್ನು ಹೋಲಿಸಿದ ಮೇಲೆಯೇ ಅದು ಖಚಿತವಾದದ್ದು.

ತಕರಾರು ಒಂದೇ: ಕವಚ ತಿರುಗುವ ಕಡೆಯ ತಿರುಪು ಬೇಗ ಸಡಿಲಾಗುತ್ತದೆ. ಕನ್ನಡಕ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ಸಾಕು, ಆದರೂ ಒಂದು ನಕ್ಷತ್ರ ಕಳೆದಿದ್ದೇನೆ. ತರಗೆಲೆಯಲ್ಲಿ ಬಿದ್ದರೆ ಸಿಗುವಂತೆ ಕೆಂಪು ದಾರ ಕಟ್ಟಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ, ಕೊಟ್ಟಿರುವ ಚರ್ಮದ ಚೀಲದಲ್ಲಿ ಬೇಡ, ಅದೇ ಬೂಷ್ಟಿನ ತವರು. ಬಿಎಸ್‌ಸಿ ಮಕ್ಕಳು 20ಎಕ್ಸ್ ಬೇಕೆನ್ನುತ್ತಾರೆ. ಇದರ ಜೊತೆಗೆ ಕೊಳ್ಳಲಿ, ಇದರ ಬದಲಿಗೆ ಬೇಡ. 5ಕ್ಕೆ 4.