ಬೋರಾ ಬೋರಾನಾ, ಸಮೋವಾನಾ?

ಪೆಸಿಫಿಕ್ ಸಾಗರದ ಈ ಎರಡು ದ್ವೀಪದೂರುಗಳಲ್ಲಿ ಪ್ರವಾಸಕ್ಕೆ ಯಾವುದು ಅಂತ ಯೋಚಿಸ್ತಿದ್ರೆ, ಹನಿಮೂನು, ಫೋಟೋ, ನೀರಿನ ಮೇಲಿನ ಬಂಗಲೆ ಅಂದ್ರೆ ಬೋರಾ ಬೋರಾನೇ, ಟಹೀಟಿ ದ್ವೀಪದ ಪಪೀತೆಯಿಂದ ವಿಮಾನದಲ್ಲಿ ಒಂದು ಗಂಟೆ ಒಳಗೆ ಹೋಗ್ಬಿಡ್ತೀರ, ಎದುರಿಗೆ 727 ಮೀಟರ್ ಎತ್ತರದ ಒಟೆಮಾನು ಬೆಟ್ಟ, ಆದ್ರೆ ಜೇಬು ಖಾಲಿ, ಊರ ಜನಕ್ಕಿಂತ ರೆಸಾರ್ಟ್ ಸ್ಟಾಫೇ ಜಾಸ್ತಿ ಸಿಗೋದು. ಜುಲೈನಲ್ಲಾದ್ರೆ ಹೇಯ್ವಾ ಹಬ್ಬದ ಕುಣಿತ ಇರುತ್ತೆ, ಅದೊಂದು ಪ್ಲಸ್ಸು.

ಜನರ ಬದುಕು ನೋಡ್ಬೇಕಂದ್ರೆ ನನ್ನ ವೋಟು ಸಮೋವಾಗೆ. ಲಾಲೊಮಾನು ಬೀಚಲ್ಲಿ ಗೋಡೆನೇ ಇಲ್ದಿರೋ ಫಾಲೆ ಅನ್ನೋ ಗುಡಿಸಲಲ್ಲಿ ಮಲಗೋದು, ಕಂಬ, ಚಾವಣಿ, ಹೆಣೆದ ತೆಂಗಿನ ಗರಿ ಪರದೆ ಅಷ್ಟೇ, ಮಳೆ ಬಂದ್ರೆ ಅದನ್ನ ಇಳಿಬಿಡೋದು. ಭಾನುವಾರ ಬೆಳಗ್ಗೆ ಊರೆಲ್ಲ ಹೊಗೆ, ಕಾದ ಕಲ್ಲಿನ ಉಮು ಒಲೆಲಿ ಪಾಲುಸಾಮಿ ಬೇಯ್ತಿರುತ್ತೆ, ಅಂದ್ರೆ ಕೆಸುವಿನೆಲೆ ಒಳಗೆ ತೆಂಗಿನಹಾಲು (ಪತ್ರೊಡೆ ತಿಂದೋರಿಗೆ ಆ ಎಲೆ ಹೊಸದೇನಲ್ಲ ಬಿಡಿ). ಸಂಜೆ ಪ್ರಾರ್ಥನೆ ಹೊತ್ತಲ್ಲಿ ಮಾತ್ರ ಹಳ್ಳಿಯೊಳಗೆ ಓಡಾಡ್ಬೇಡಿ.