ಮೂರು ವರ್ಷ ತುಳಿದ ಮೇಲೆ: ಬಿಎಂಎಕ್ಸ್‌ಗೆ 19 ಎಂಎಂ ಮಿಡ್ ಬಿಬಿ

ಬಾಟಮ್ ಬ್ರಾಕೆಟ್ ಅಂದರೆ ಎರಡು ಪೆಡಲ್ ನಡುವೆ, ಫ್ರೇಮ್‌ನ ಹೊಟ್ಟೆಯಲ್ಲಿ ಕೂರುವ ಬೇರಿಂಗ್ ಜೋಡಿ. ಸೈಕಲ್ ಅಂಗಡಿಯವರ ಬಾಯಲ್ಲಿ ಬಿಬಿ. ಸರಿಯಾಗಿರುವಷ್ಟು ದಿನ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗಿದ್ದು ತಪ್ಪು ಸೈಜ್ ತರಿಸಿಕೊಂಡ ದಿನ.

ನನ್ನ ಮೊದಲ ಬಿಎಂಎಕ್ಸ್‌ನಲ್ಲಿ (ಹಾರಾಟ, ಕಸರತ್ತಿಗೆ ಬಳಸುವ ಗಿಡ್ಡ ಸೈಕಲ್) ಒನ್ ಪೀಸ್ ಕ್ರ್ಯಾಂಕ್ ಇತ್ತು. ಅಂದರೆ ಎರಡು ಪೆಡಲ್ ತೋಳು, ನಡುವಿನ ಅಚ್ಚು ಎಲ್ಲಾ ಒಂದೇ ಉಕ್ಕಿನ ಸರಳನ್ನು ಬಗ್ಗಿಸಿ ಮಾಡಿದ್ದು. ಮನೆ ಹತ್ತಿರದ ಮೈದಾನದ ಕಲ್ಲು ಮೆಟ್ಟಿಲಿಂದ ನಾಲ್ಕೈದು ತಿಂಗಳು ಹಾರಿದ ಮೇಲೆ ಅದು ತಾನಾಗಿಯೇ ಇನ್ನಷ್ಟು ಬಗ್ಗಿತು. ಆನ್‌ಲೈನ್‌ನಲ್ಲಿ ತೋಳು, ಅಚ್ಚು ಬೇರೆ ಬೇರೆ ಇರುವ ತ್ರೀ ಪೀಸ್ ಕ್ರ್ಯಾಂಕ್ ತರಿಸಿದೆ, ಜೊತೆಗೆ ಒಂದು ಬಿಬಿ. ಡಬ್ಬಿ ಮೇಲೆ ‘ಬಿಎಂಎಕ್ಸ್, ಮಿಡ್’ ಎಂದಿತ್ತು. ಸಾಕಲ್ವಾ ಅಂದುಕೊಂಡೆ. ಬೇರಿಂಗನ್ನು ಫ್ರೇಮ್‌ನ ತೂತಿಗೆ ಇಟ್ಟರೆ ಸುಮ್ನೆ ಒಳಗೆ ಬಿದ್ದುಹೋಯಿತು! ತೂತು 51.3 ಎಂಎಂ, ಬೇರಿಂಗ್ 41.2. ಸಾಲದು ಅಂತ ಹಳೆ ಪೆಡಲ್ ಕೂಡ ಹೊಸ ಕ್ರ್ಯಾಂಕ್‌ಗೆ ಹಿಡಿಯಲಿಲ್ಲ. ಒನ್ ಪೀಸ್‌ಗೆ ಅರ್ಧ ಇಂಚಿನ ಥ್ರೆಡ್, ತ್ರೀ ಪೀಸ್‌ಗೆ 9/16 ಇಂಚು.

ಆದ್ದರಿಂದ ಯಾವ ಕಂಪನಿಯದು ತಗೊಳ್ಳಲಿ ಎಂದು ಕೇಳುವ ಮೊದಲು ವರ್ನಿಯರ್ ಕ್ಯಾಲಿಪರ್ (ಅಳತೆ ಸಾಧನ) ಕೈಗೆ ತಗೊಳ್ಳಿ. ಹಳೆ ಕಪ್ (ಬೇರಿಂಗ್ ಕೂರುವ ಬಟ್ಟಲು), ಬೇರಿಂಗ್ ಎಲ್ಲಾ ಬಿಚ್ಚಿ, ಬರೀ ಫ್ರೇಮ್‌ನ ತೂತು ಅಳೆಯಿರಿ. 51 ಚಿಲ್ಲರೆ ಬಂದರೆ ಅಮೆರಿಕನ್. 41.2 ಬಂದರೆ ಮಿಡ್. 37 ಆದರೆ ಸ್ಪ್ಯಾನಿಶ್. ಒಳಗೆ ಥ್ರೆಡ್ ಕಂಡರೆ ಯೂರೋ. ಅದರಲ್ಲಿ ಚೈನ್ ಕಡೆಯ ಕಪ್ ಉಲ್ಟಾ ಥ್ರೆಡ್, ನೆನಪಿರಲಿ. ಆಮೇಲೆ ಕ್ರ್ಯಾಂಕ್‌ನ ಸ್ಪಿಂಡಲ್, ಅಂದರೆ ಬೇರಿಂಗ್ ಒಳಗೆ ತಿರುಗುವ ಅಚ್ಚಿನ ದಪ್ಪ ನೋಡಿ: 19, 22, ಇಲ್ಲಾ 24. ಈ ಎರಡು ಅಂಕಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಅಮೆರಿಕನ್ ತೂತಿಗೆ 19ರ ಸ್ಪಿಂಡಲ್ ಕೂರಿಸುವ ಕನ್ವರ್ಶನ್ ಕಿಟ್ ಸಿಗುತ್ತದೆ. ಅದನ್ನೂ ಒಂದು ವರ್ಷ ಬಳಸಿದೆ. ಕೆಲಸವೇನೋ ಮಾಡುತ್ತದೆ. ಆದರೆ ನನ್ನ ಅಗ್ಗದ ಫ್ರೇಮ್‌ನ ತೂತು ಪೂರ್ತಿ ದುಂಡಗಿರಲಿಲ್ಲ, ಕಪ್ ನಿಧಾನವಾಗಿ ಸಡಿಲವಾಯಿತು, ಪೆಡಲ್ ಮೇಲೆ ಎದ್ದು ನಿಂತಾಗಲೆಲ್ಲ ಕಟಕಟ. ಕೊನೆಗೆ ಮಿಡ್ ಫ್ರೇಮನ್ನೇ ಕೊಂಡೆ. ಡ್ರಾಯರ್‌ನಲ್ಲಿ ಬಿದ್ದಿದ್ದ ಮೊದಲ ಬಿಬಿ ಆಗ ಕೆಲಸಕ್ಕೆ ಬಂತು.

19ಓ 22ಓ ಎಂದು ಜಾಸ್ತಿ ಜನ ಕೇಳುತ್ತಾರೆ. ಮಿಡ್‌ನಲ್ಲಿ ಎರಡಕ್ಕೂ ಬೇರಿಂಗ್‌ನ ಹೊರಗಿನ ಅಳತೆ ಅದೇ 41.2. ನಡುವಿನ ಸ್ಪಿಂಡಲ್ ದಪ್ಪ ಆದಷ್ಟೂ ಗುಂಡುಗಳಿಗೆ ಜಾಗ ಕಮ್ಮಿ. 22ರ ಸ್ಪಿಂಡಲ್ ಗಟ್ಟಿಯಾಗಿಯೂ ಹಗುರವಾಗಿಯೂ ಮಾಡಬಹುದು, ನಿಜ. ಆದರೆ ಮೆಟ್ಟಿಲು ಹಾರುವವನಿಗೆ ದಪ್ಪ ಗುಂಡಿನ ಬೇರಿಂಗೇ ಮೇಲು ಅನ್ನುವುದು ನನ್ನ ಲೆಕ್ಕ. ಪ್ರೊಫೈಲ್ ರೇಸಿಂಗ್ ಕಂಪನಿಯ, ಸ್ಪಿಂಡಲ್ ಮೇಲೆ 48 ಹಲ್ಲಿರುವ ಹೆಸರಾಂತ ಕ್ರ್ಯಾಂಕ್ ಕೂಡ 19ರದ್ದೇ. ಕೈಯಲ್ಲಿ ಈಗಾಗಲೇ 22ರ ಕ್ರ್ಯಾಂಕ್ ಇದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ, 22ರ ಬಿಬಿಯನ್ನೇ ಹಾಕಿ.

ಇನ್ನು ಕೂರಿಸುವ ವಿಷಯ. ಮೊದಲ ಸಲ ಮರದ ತುಂಡು ಇಟ್ಟು ಸುತ್ತಿಗೆಯಲ್ಲಿ ಹೊಡೆದೆ. ಪೆಟ್ಟು ಬಿದ್ದದ್ದು ಬೇರಿಂಗ್‌ನ ಒಳ ರಿಂಗಿಗೆ. ಹೊಸ ಬೇರಿಂಗ್ ಅಂದೇ ಮರಳು ತುಂಬಿದ ಹಾಗೆ ತಿರುಗತೊಡಗಿತು. ಎರಡನೇ ಸಲ ಬುದ್ಧಿ ಬಂದಿತ್ತು. ಹಾರ್ಡ್‌ವೇರ್ ಅಂಗಡಿಯಿಂದ ಉದ್ದನೆ ಥ್ರೆಡ್ ರಾಡ್, ಎರಡು ನಟ್, ದಪ್ಪ ವಾಷರ್ ತಂದೆ. ವಾಷರ್ ಮತ್ತು ಹೊಸ ಬೇರಿಂಗ್ ನಡುವೆ ಹಾಳಾದ ಬೇರಿಂಗ್‌ನ ಹೊರ ರಿಂಗ್ ಇಟ್ಟು, ಹೊರ ರಿಂಗಿನ ಮೇಲಷ್ಟೇ ಒತ್ತಡ ಬೀಳುವ ಹಾಗೆ ನಿಧಾನವಾಗಿ ಎಳೆದೆ. ಹಿಂದಿನ ರಾತ್ರಿ ಬೇರಿಂಗನ್ನು ಫ್ರೀಜರ್‌ನಲ್ಲಿ ಇಟ್ಟಿದ್ದೆ. ಕುಗ್ಗುವುದು ಎರಡು ನೂರಾಂಶ ಮಿಲಿಮೀಟರ್ ಅಷ್ಟೆ, ಆದರೂ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಕಾಯಿತುರಿ ಡಬ್ಬಿ ಪಕ್ಕ ಗ್ರೀಸ್ ಮೆತ್ತಿದ ಉಂಗುರ ನೋಡಿ ಅಮ್ಮ ಏನಂದರು ಅಂತ ಇಲ್ಲಿ ಬರೆಯುವುದಿಲ್ಲ.

ಎರಡು ಬೇರಿಂಗ್ ನಡುವೆ ಬರುವ ಕೊಳವೆಯನ್ನು ಮರೆಯಲೇಬೇಡಿ. ಅದಿಲ್ಲದೆ ಕ್ರ್ಯಾಂಕ್ ಬಿಗಿ ಮಾಡಿದರೆ ಒಳ ರಿಂಗುಗಳು ಒಂದರ ಕಡೆಗೊಂದು ಒತ್ತಿಕೊಂಡು ಗುಂಡುಗಳು ನುಜ್ಜಾಗುತ್ತವೆ. ಅಳತೆ ಕಮ್ಮಿಯಿದ್ದರೂ ಅದೇ ಕಥೆ. ನನ್ನ ಕಿಟ್‌ನ ಕೊಳವೆ ಫ್ರೇಮ್‌ಗೆ ಒಂಚೂರು ಗಿಡ್ಡವಾಗಿತ್ತು. ತೆಳು ವಾಷರ್ ಸೇರಿಸಿದ ಮೇಲೆ ಕ್ರ್ಯಾಂಕ್ ಆರಾಮಾಗಿ ತಿರುಗಿತು.

ಸುತ್ತಿಗೆ ಪ್ರಕರಣದ ನಂತರ ಬೇರಿಂಗ್ ಹುಡುಕಿಕೊಂಡು ಬೆಂಗಳೂರಿನ ಎಸ್‌ಜೆಪಿ ರೋಡಿಗೆ ಹೋಗಿದ್ದೆ. “ಏನ್ ಸರ್, ಮಿಕ್ಸಿಗಾ, ಬೈಕಿಗಾ?” ಎಂದು ಕೇಳಿದ ಅಂಗಡಿಯವರು 6004 ನಂಬರಿನ ಬೇರಿಂಗ್ ಕೊಟ್ಟರು. ನೋಡಲು ಹಾಗೇ ಇದೆ. ಆದರೆ ಅದು ಒಳಗೆ 20, ಹೊರಗೆ 42. ನನಗೆ ಬೇಕಿದ್ದದ್ದು 19 ಮತ್ತು 41.2. ಹತ್ತಿರ ಬಂದರೂ ಎರಡೂ ಕಡೆ ಹೆಚ್ಚುಕಮ್ಮಿ ಒಂದೊಂದು ಎಂಎಂ ತಪ್ಪು. ಆ ಅಳತೆಯದು ನನಗೆ ಅಂಗಡಿಯಲ್ಲಿ ಸಿಗಲಿಲ್ಲ, ಆನ್‌ಲೈನೇ ಗತಿ. ಈ ಬಿಬಿ ಬಗ್ಗೆ ನನ್ನ ದೊಡ್ಡ ದೂರು ಇದೇ. ಹಳೆ ರೋಡ್‌ಸ್ಟರ್ ಸೈಕಲ್‌ಗಾದರೆ ಕಪ್, ಆಕ್ಸಲ್, ಬಾಲ್ಸ್ ಯಾವ ಬೀದಿಯಲ್ಲೂ ಸಿಗುತ್ತದೆ. ಅದಕ್ಕೇ ತರಿಸುವಾಗ ಎರಡು ಸೆಟ್ ಒಟ್ಟಿಗೆ ತರಿಸಿ.

ಉಳಿದಂತೆ ಮೂರು ವರ್ಷದಲ್ಲಿ ತಂದ ತೊಂದರೆ ಕಮ್ಮಿ. ಮಳೆಯಲ್ಲಿ ಸೀಟ್ ಕೊಳವೆಯಿಂದ ನೀರು ಇಳಿದು ಬಿಬಿ ಹತ್ತಿರ ನಿಲ್ಲುತ್ತದೆ. ನೆನೆದ ದಿನ ಸೀಟ್ ಪೋಸ್ಟ್ ತೆಗೆದು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸುತ್ತೇನೆ. ಒಮ್ಮೆ ವಾಟರ್ ಸರ್ವಿಸ್ ಅಂಗಡಿಯಲ್ಲಿ ಜೆಟ್ ಹೊಡೆಸಿದೆ. ನೀರು ಸೀಲ್ ದಾಟಿ ಒಳಹೋಯಿತು, ವಾರದೊಳಗೆ ಕಿರ್ ಎನ್ನತೊಡಗಿತು. ಸೂಜಿಯಿಂದ ರಬ್ಬರ್ ಸೀಲ್ ಎಬ್ಬಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿದ ಮೇಲೆ ಸುಮ್ಮನಾಯಿತು. ಅದೇ ಬೇರಿಂಗ್ ಆಮೇಲೆ ಒಂದೂವರೆ ವರ್ಷ ಓಡಿದೆ.

ಕಳೆದ ತಿಂಗಳಿಂದ ಎಡಗಡೆ ಸ್ವಲ್ಪ ಆಟ ಬಂದಿದೆ. ಕ್ರ್ಯಾಂಕ್ ಹಿಡಿದು ಅಲ್ಲಾಡಿಸಿದರೆ ಟಿಕ್ ಎನ್ನುತ್ತದೆ. ಎರಡನೇ ಸೆಟ್ ಡ್ರಾಯರ್‌ನಲ್ಲಿದೆ. ಈ ಶನಿವಾರ ರಾತ್ರಿ ಮತ್ತೆ ಫ್ರೀಜರ್‌ಗೆ, ಈ ಸಲ ಬಿಗಿ ಮುಚ್ಚಳದ ಡಬ್ಬಿಯಲ್ಲಿ.