ಬ್ಲಾಗರ್ 16 ವರ್ಷ, ವಾಟ್ಸಾಪ್ ಗುಂಪು 9 ವರ್ಷ: ಮಿಡಿಮರ ಹುಡುಕುವವಳ ಅನುಭವ

ಮೊನ್ನೆ ನಮ್ಮ ಮಿಡಿ (ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ) ಗುಂಪಿನಲ್ಲಿ ಸಾಗರದ ಕಡೆಯ ಹುಡುಗನೊಬ್ಬ ಕೇಳಿದ. "ಅಕ್ಕಾ, ಎಲ್ಲರೂ ವಾಟ್ಸಾಪಲ್ಲೇ ಇದ್ದಾರಲ್ಲ, ನೀವಿನ್ನೂ ಆ ಬ್ಲಾಗ್ ಯಾಕೆ ಇಟ್ಕೊಂಡಿದೀರಿ?" ಒಳ್ಳೆಯ ಪ್ರಶ್ನೆ. ಅಲ್ಲೇ ಉತ್ತರ ಬರೆಯಲು ಕೂತೆ. ಮೂರು ಸಲವೂ ಉದ್ದವಾಯಿತು ಅಂತ ಅಳಿಸಿದೆ. ಎರಡನ್ನೂ ಇಷ್ಟು ವರ್ಷ ದಿನಾ ಬಳಸಿದ್ದೇನೆ, ಹಾಗಾಗಿ ಪೂರ್ತಿಯಾಗಿ ಇಲ್ಲೇ ಬರೆಯುತ್ತೇನೆ.

ನಮ್ಮದು ಹೊಸನಗರ ತಾಲೂಕು. ಅಡಿಕೆ ತೋಟ, ಸ್ವಲ್ಪ ಗದ್ದೆ, ಮನೆ ಹಿಂದೆ ಹಳ್ಳ. ಹಳ್ಳದ ದಂಡೆಯಲ್ಲಿ ಒಂದು ಜೀರಿಗೆ ಮಿಡಿ ಮರ ಇತ್ತು. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತಿತ್ತು, ಕೈಯಲ್ಲಿ ಎರಡು ದಿನ ಜೀರಿಗೆ ವಾಸನೆ. 2008ರ ಮಳೆಗಾಲದಲ್ಲಿ ಮಣ್ಣು ಕುಸಿದು ಮರ ಹಳ್ಳಕ್ಕೆ ಬಿತ್ತು. ಕಸಿ ಕಟ್ಟಿಸಬೇಕು ಅಂತ ನಾಲ್ಕು ವರ್ಷದಿಂದ ಹೇಳ್ತಾನೇ ಇದ್ದೆವು, ಕಟ್ಟಿಸಿರಲಿಲ್ಲ. ಮುಂದಿನ ವರ್ಷ ಭರಣಿ ಖಾಲಿ. ಆಗ ಶುರುವಾಯಿತು ನನ್ನ ಹುಡುಕಾಟ, ಯಾರ ಮನೆ ಹಿತ್ತಿಲಲ್ಲಿ, ಯಾವ ಹೊಳೆ ಪಕ್ಕದಲ್ಲಿ ಯಾವ ಮಿಡಿ ಇದೆ, ಅದರ ಗುಣ ಏನು, ಉಪ್ಪಿಗೆ ಹಾಕಿದರೆ ಎಷ್ಟು ವರ್ಷ ತಡೆಯುತ್ತದೆ ಅಂತ. ಬರೆದಿಟ್ಟುಕೊಳ್ಳಲು ಒಂದು ಜಾಗ ಬೇಕಿತ್ತು. ನೋಟ್‌ಬುಕ್ಕಿನಲ್ಲಿ ಬರೆದರೆ ನನಗೊಬ್ಬಳಿಗೇ ಗೊತ್ತಾಗುತ್ತದೆ ಅಲ್ವಾ. ನಾದಿನಿಯ ಮಗ ರಜೆಗೆ ಬಂದವನು 2009ರಲ್ಲಿ ಬ್ಲಾಗರ್‌ನಲ್ಲಿ ಖಾತೆ ತೆರೆದುಕೊಟ್ಟ.

ಬ್ಲಾಗರ್ ಹಳೆಯ ಸೇವೆ. 1999ರಲ್ಲಿ ಪೈರಾ ಲ್ಯಾಬ್ಸ್ ಅನ್ನುವ ಸಣ್ಣ ಕಂಪನಿ ಶುರು ಮಾಡಿದ್ದು, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ನಾನು ಇವತ್ತಿನವರೆಗೆ ಒಂದು ರೂಪಾಯಿ ಕೊಟ್ಟಿಲ್ಲ. 2009ರಲ್ಲಿ ಬರೆದ ಮೊದಲ ಬರಹ ಅದೇ ವಿಳಾಸದಲ್ಲಿ ಇವತ್ತೂ ತೆರೆಯುತ್ತದೆ. ಇದು ಸಣ್ಣ ವಿಷಯ ಅಲ್ಲ.

ಕನ್ನಡ ಬರೆಯಲು ಮೊದಲಿಗೆ 'ಬರಹ' ಅನ್ನುವ ತಂತ್ರಾಂಶ ಬಳಸಿದೆ. ಆಗ ಒಂದು ಪಾಠ ಕಲಿತೆ. ನಮ್ಮ ಭಾವ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದ ಹತ್ತಾರು ಪುಟ ಇದ್ದವು, ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟ್ ಇದ್ದರೆ ಮಾತ್ರ ಕನ್ನಡ. ಯುನಿಕೋಡ್‌ನಲ್ಲಿ ಬರೆದದ್ದು ಹಾಗಲ್ಲ. ಅದು ಎಲ್ಲಿ ತೆರೆದರೂ ಕನ್ನಡವೇ, ಹುಡುಕಿದರೆ ಸಿಗುತ್ತದೆ. ಆದರೆ ಹುಡುಕುವವರು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಅಪ್ಪೆಮಿಡಿ, ಅಪ್ಪೆ ಮಿಡಿ, ಮಾವಿನಮಿಡಿ, ಮಿಡಿಮಾವು. ಹಾಗಾಗಿ ಪ್ರತಿ ಬರಹದಲ್ಲೂ ಈ ನಾಲ್ಕನ್ನೂ ಎಲ್ಲಾದರೂ ಒಂದು ಕಡೆ ಸೇರಿಸುತ್ತೇನೆ. ಹೊಸದಾಗಿ ಕನ್ನಡದಲ್ಲಿ ಬರೆಯುವವರಿಗೆ ಇದನ್ನು ಹೇಳಲೇಬೇಕು, ಯಾಕೆಂದರೆ ನನ್ನ ಬಹುಪಾಲು ಸ್ನೇಹಗಳು ಬಂದದ್ದು ಹೀಗೆ ಹುಡುಕಿದವರಿಂದಲೇ.

ಈಗ ಮುಖ್ಯ ಕತೆ. ಇದಕ್ಕೋಸ್ಕರವೇ ಬ್ಲಾಗು ಮುಚ್ಚಿಲ್ಲ.

2011ರಲ್ಲಿ ಒಂದು ಬರಹದ ಕೆಳಗೆ ಶಿವಮೊಗ್ಗದಿಂದ ಒಬ್ಬರು ಕಾಮೆಂಟು ಹಾಕಿದ್ದರು. ವಯಸ್ಸಾದ ಹೆಂಗಸು, ಮಗನ ಕೈಯಲ್ಲಿ ಬರೆಸಿದ್ದು. ಅವರ ತವರು ಶರಾವತಿ ದಂಡೆಯ ಒಂದು ಊರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತಲ್ಲ, ಆಗ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಮನೆ ಹೋಯಿತು, ಗದ್ದೆ ಹೋಯಿತು, ಹೊಳೆ ಪಕ್ಕದ ಮಿಡಿಮರವೂ ಹೋಯಿತು. ಅವರು ಕೇಳಿದ್ದು ಇಷ್ಟೇ: ನಮ್ಮ ಊರಿನ ಆ ಮಿಡಿ ಈಗ ಯಾರ ಮನೆಯಲ್ಲಾದರೂ ಇದೆಯಾ? ಕಾಯಿ ಉದ್ದ, ಮೂತಿ ಸ್ವಲ್ಪ ಸೊಟ್ಟ, ಉಪ್ಪಿಗೆ ಹಾಕಿದರೆ ಐದು ವರ್ಷ ಆದರೂ ಮೆತ್ತಗಾಗುತ್ತಿರಲಿಲ್ಲ.

ನನಗೆ ಗೊತ್ತಿರಲಿಲ್ಲ. ವಿಚಾರಿಸುತ್ತೇನೆ ಅಂತ ಬರೆದೆ. ಸಿಕ್ಕವರನ್ನೆಲ್ಲ ಕೇಳಿದೆ. ಆಮೇಲೆ ಆ ಕಾಮೆಂಟು ಅಲ್ಲೇ ಉಳಿಯಿತು.

2017ರ ಫೆಬ್ರವರಿಯಲ್ಲಿ ಅದೇ ಬರಹಕ್ಕೆ ಸಾಗರ ತಾಲೂಕಿನಿಂದ ಒಬ್ಬರ ಉತ್ತರ. ಅವರು ಮಿಡಿಗೆ ಉಪ್ಪಿನ ಪ್ರಮಾಣ ಹುಡುಕುತ್ತಾ ಬಂದವರು, ಕೆಳಗಿನ ಕಾಮೆಂಟು ಓದಿದ್ದಾರೆ. ಅವರ ಅಜ್ಜನೂ ಅದೇ ಊರಿನವರು. ಊರು ಬಿಡುವಾಗ ಗೋಣಿಯಲ್ಲಿ ಗೊರಟೆ ಹಾಕಿಕೊಂಡು ಬಂದಿದ್ದರಂತೆ, ಹೊಸ ಜಾಗದಲ್ಲಿ ಹಾಕಿದ್ದರಲ್ಲಿ ಒಂದೇ ಗಿಡ ಉಳಿದಿದೆ. ಆ ಶಿವಮೊಗ್ಗದವರ ಮಗ 2011ರಲ್ಲಿ ಕಾಮೆಂಟು ಹಾಕುವಾಗ ಕೆಳಗಿದ್ದ ಸಣ್ಣ ಚೌಕಕ್ಕೆ ಟಿಕ್ ಮಾಡಿದ್ದರು, ಮುಂದೆ ಯಾರಾದರೂ ಬರೆದರೆ ಇಮೇಲ್ ಕಳಿಸಿ ಅಂತ. ಆರು ವರ್ಷ ಆದ ಮೇಲೆ ಆ ಇಮೇಲ್ ಹೋಯಿತು. ಮಾರನೇ ದಿನ ಬೆಳಗ್ಗೆ ನನಗೆ ಫೋನು.

ಭಾನುವಾರ ಎಲ್ಲರೂ ಸೇರಿದೆವು. ಆಕೆಗೆ ಆಗ ಎಪ್ಪತ್ತೈದು ದಾಟಿತ್ತು. ಮರದ ಕೆಳಗೆ ಕುರ್ಚಿ ಹಾಕಿಕೊಟ್ಟರು. ಒಂದು ಮಿಡಿ ಕೊಯ್ದು ಕೈಗೆ ಕೊಟ್ಟರು. ಅವರು ನೋಡಲಿಲ್ಲ, ಮೊದಲು ತೊಟ್ಟು ಮುರಿದು ಮೂಗಿನ ಹತ್ತಿರ ಹಿಡಿದರು. ಬೆರಳಿಗಾದ ಸೊನೆಯನ್ನು ಸೆರಗಿಗೆ ಒರೆಸಿಕೊಂಡರು, ಆಮೇಲೆ ಆ ಸೆರಗನ್ನೇ ಮೂಸಿದರು. "ಹೌದು, ಇದೇ" ಅಂದರು. ಗೊರಟೆಯಿಂದ ಬಂದ ಗಿಡ ತಾಯಿಮರದ ಹಾಗೇ ಇರುತ್ತದೆ ಅಂತ ಹೇಳಲಾಗುವುದಿಲ್ಲ, ಕಸಿ ಆದರೆ ಮಾತ್ರ ಹಾಗೇ ಬರುವುದು. ನನಗೆ ಅದು ಗೊತ್ತು. ಆದರೂ ಆವತ್ತು ಆ ಮಾತು ಎತ್ತುವ ಮನಸ್ಸು ಯಾರಿಗೂ ಇರಲಿಲ್ಲ. ಆ ಎರಡು ಮನೆಯವರು ಅಣೆಕಟ್ಟು ಆಗುವ ಮೊದಲು ಅಕ್ಕಪಕ್ಕದವರು, ಐವತ್ತಕ್ಕೂ ಜಾಸ್ತಿ ವರ್ಷ ಒಬ್ಬರಿಗೊಬ್ಬರು ಎಲ್ಲಿದ್ದಾರೆ ಅಂತ ಗೊತ್ತಿರಲಿಲ್ಲ. ಈಗ ಮದುವೆ, ಉಪನಯನಕ್ಕೆ ಓಡಾಡುತ್ತಾರೆ.

ಇದನ್ನೇ ಗುಂಪಿನಲ್ಲಿ ಕೇಳಿದ್ದರೆ? ಅರ್ಧ ಗಂಟೆಯಲ್ಲಿ ಹತ್ತು ಜನ "ಗೊತ್ತಿಲ್ಲ, ವಿಚಾರಿಸೋಣ" ಅನ್ನುತ್ತಿದ್ದರು, ರಾತ್ರಿಯೊಳಗೆ ಆ ಪ್ರಶ್ನೆ ಮೇಲೆ ಹೋಗಿಬಿಡುತ್ತಿತ್ತು. ಆರು ವರ್ಷ ಬಿಟ್ಟು ಬಂದವರಿಗೆ ಅದು ಕಾಣುವುದೇ ಇಲ್ಲ.

ಹಾಗಂತ ಗುಂಪನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. 2016ರಲ್ಲಿ ಮನೆಗೆ ಸ್ಮಾರ್ಟ್‌ಫೋನ್ ಬಂತು, ಆ ವರ್ಷವೇ ಗುಂಪು ಮಾಡಿದೆವು. ಆಗ ಒಂದು ಗುಂಪಿಗೆ 256 ಜನರ ಮಿತಿ. ಎರಡು ಹಂಗಾಮಿನಲ್ಲೇ ತುಂಬಿತು. ಈಗ 1024 ಜನರವರೆಗೆ ಸೇರಬಹುದು. ಬ್ಲಾಗಿಗೆ ಬರುತ್ತಿದ್ದವರು ಓದಿಕೊಂಡವರು, ಕಂಪ್ಯೂಟರ್ ಇದ್ದವರು. ಗುಂಪಿಗೆ ಬಂದವರೇ ಬೇರೆ. ಮರ ಹತ್ತಿ ಕೊಯ್ಯುವವರು, ಕಸಿ ಕಟ್ಟುವವರು, ನಲವತ್ತು ವರ್ಷದಿಂದ ಉಪ್ಪಿನಕಾಯಿ ಹಾಕುತ್ತಿರುವ ಆದರೆ ಒಂದು ಸಾಲೂ ಬರೆಯದ ಹೆಂಗಸರು. ಬರೆಯಲು ಬಾರದವರು ಧ್ವನಿ ಸಂದೇಶ ಕಳಿಸುತ್ತಾರೆ. ನನ್ನ ಬ್ಲಾಗು ಏಳು ವರ್ಷದಲ್ಲಿ ಮುಟ್ಟದ ಜನರನ್ನು ಗುಂಪು ಏಳು ದಿನದಲ್ಲಿ ಮುಟ್ಟಿತು.

ಕೊಳ್ಳುವ ಕೊಡುವ ವ್ಯವಹಾರಕ್ಕಂತೂ ಗುಂಪೇ ಸರಿ. ಮಿಡಿ ಕಾಯುವುದಿಲ್ಲ. ಇವತ್ತು ಹದವಾಗಿದ್ದು ಹತ್ತು ದಿನ ಬಿಟ್ಟರೆ ಒಳಗೆ ಗೊರಟೆ ಬಲಿಯುತ್ತದೆ. ಬೆಳಗ್ಗೆ ಫೋಟೋ ಹಾಕಿದರೆ ಮಧ್ಯಾಹ್ನದೊಳಗೆ ಗಿರಾಕಿ ಬರುತ್ತಾರೆ. 2020ರಲ್ಲಿ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಸರಿಯಾಗಿ ಮಿಡಿಯ ಕಾಲ. ಸಂತೆ ಇಲ್ಲ, ಬಸ್ಸಿಲ್ಲ. ಗುಂಪಿನಲ್ಲಿ ಯಾರ ಊರಿಂದ ಹಾಲಿನ ಗಾಡಿ ಎಲ್ಲಿಗೆ ಹೋಗುತ್ತದೆ, ಯಾರ ಮನೆಗೆ ಎಷ್ಟು ನೂರು ಮಿಡಿ ಬೇಕು ಅಂತ ಪಟ್ಟಿ ಮಾಡಿ ಕಳಿಸಿದೆವು. ಆ ವರ್ಷ ಕೊಳೆತು ಹೋಗಬೇಕಾಗಿದ್ದ ಮಿಡಿ ಎಷ್ಟೋ ಮನೆಯ ಭರಣಿ ಸೇರಿತು.

ಇನ್ನೊಂದು ಉಪಯೋಗ ಹೊರಗಿನವರಿಗೆ ಹೊಳೆಯಲಿಕ್ಕಿಲ್ಲ. ಮಿಡಿ ಕೊಯ್ಯುವ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು, ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ. ಎಲ್ಲಿ ಮಂಗ ಸತ್ತು ಬಿದ್ದಿದೆ ಅಂತ ಕಂಡವರು ತಕ್ಷಣ ಗುಂಪಿಗೆ ಹಾಕುತ್ತಾರೆ. ಆ ಕಾಡಿಗೆ ಆ ವಾರ ನಾವು ಹೋಗುವುದಿಲ್ಲ, ಆರೋಗ್ಯ ಇಲಾಖೆಗೂ ಫೋನ್ ಮಾಡುತ್ತೇವೆ. ಇಂಥ ಸುದ್ದಿಯ ಜೊತೆಗೆ ಗಾಳಿಸುದ್ದಿಯೂ ಬರುತ್ತದೆ ನಿಜ. ನಮ್ಮಲ್ಲಿ ಒಂದು ನಿಯಮ ಇದೆ: ಕಣ್ಣಾರೆ ಕಂಡವರು ಮಾತ್ರ ಹಾಕಬೇಕು, ಬೇರೆ ಕಡೆಯಿಂದ ಬಂದದ್ದನ್ನು ಮುಂದೆ ತಳ್ಳುವಂತಿಲ್ಲ.

ಫೇಸ್‌ಬುಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆಯ ಸಹಪಾಠಿಗಳು ಸಿಕ್ಕರು, ಸಂತೋಷ. ಮಿಡಿಯ ಕೆಲಸಕ್ಕೆ ನನಗೆ ಅದು ಒಗ್ಗಲಿಲ್ಲ.

ಈಗ ನೋವಿನ ವಿಷಯ ಎರಡು.

ಒಂದು, ಮರದ ಜಾಗ. 2018ರಲ್ಲಿ ಕಾಡಂಚಿನ ಹಳ್ಳದ ಪಕ್ಕ ಒಂದು ಅಪರೂಪದ ಮರ ಕಂಡೆ. ಆ ಖುಷಿಯಲ್ಲಿ ಅಲ್ಲೇ ನಿಂತು ಫೋಟೋ ತೆಗೆದು, ಊರಿನ ಹೆಸರು, ಹೋಗುವ ದಾರಿ ಎಲ್ಲ ಬರೆದು ಗುಂಪಿಗೆ ಹಾಕಿದೆ. ಅದು ಎಲ್ಲಿಂದ ಎಲ್ಲಿಗೆ ಹೋಯಿತೋ. ನಾಲ್ಕನೇ ದಿನ ಹೋಗಿ ನೋಡಿದರೆ ದೊಡ್ಡ ದೊಡ್ಡ ಕೊಂಬೆಗಳನ್ನೇ ಕಡಿದು ಕೆಡವಿ ಮಿಡಿ ಬಿಡಿಸಿಕೊಂಡು ಹೋಗಿದ್ದರು. ಹತ್ತಿ ಕೊಯ್ಯುವ ತಾಳ್ಮೆ ಇಲ್ಲದವರು. ಎರಡೇ ವರ್ಷದಲ್ಲಿ ಮರ ಒಣಗಿತು. ತಪ್ಪು ನನ್ನದೂ ಹೌದು. ಅವತ್ತಿನಿಂದ ಎಲ್ಲೂ ಮರದ ಜಾಗ ಬರೆಯುವುದಿಲ್ಲ, ತಾಲೂಕು ಮಾತ್ರ. ಫೋಟೋದಲ್ಲಿ ಗುಡ್ಡ, ಸೇತುವೆ ಏನೂ ಕಾಣದ ಹಾಗೆ ನೋಡಿಕೊಳ್ಳುತ್ತೇನೆ. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ ಅಂತ ನಾವೆಲ್ಲ ಹೆಮ್ಮೆ ಪಡುತ್ತೇವೆ, ಆದರೆ ಮರ ಉಳಿಸಿಕೊಳ್ಳದಿದ್ದರೆ ಆ ಹೆಮ್ಮೆ ಯಾತಕ್ಕೆ?

ಎರಡನೆಯದು ಒಂದು ದನಿ. ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜಿ ನನಗೆ ಧ್ವನಿ ಸಂದೇಶ ಕಳಿಸುತ್ತಿದ್ದರು. ಮಿಡಿ ನೆಲಕ್ಕೆ ತಾಗಬಾರದು, ತೊಟ್ಟು ಸಮೇತ ಕೊಯ್ಯಬೇಕು, ಹರಳುಪ್ಪು ಹೇಗೆ ಹಾಸಬೇಕು, ಚಿರುಟಿದ್ದು ಸಾಕು ಅಂತ ಹೇಗೆ ತಿಳಿಯುವುದು, ಎಲ್ಲ. ಮಧ್ಯೆ ಮಧ್ಯೆ ಕೋಳಿ ಕೂಗು, ಅವರ ಕೆಮ್ಮು, ಹಿಂದಿನಿಂದ ಸೊಸೆಯ ಮಾತು. 2019ರ ಆಗಸ್ಟಿನ ಮಳೆಯಲ್ಲಿ ನನ್ನ ಫೋನ್ ತೋಟದ ಕಪ್ಪಿನಲ್ಲಿ (ನೀರು ಹರಿಯುವ ಕಾಲುವೆಯಲ್ಲಿ) ಬಿತ್ತು. ಬ್ಯಾಕಪ್ ಇಟ್ಟಿರಲಿಲ್ಲ. ಎರಡೂವರೆ ವರ್ಷದ ಮಾತು ಹೋಯಿತು. ಮತ್ತೆ ಕೇಳಿಸಿಕೊಳ್ಳೋಣ ಅಂದರೆ ಅವರು ಅಷ್ಟರಲ್ಲಿ ತೀರಿಕೊಂಡಿದ್ದರು. ಉಳಿದದ್ದು ಒಂದೇ, ಅದೂ ನಾನು ಕೇಳಿ ಕೇಳಿ ಬ್ಲಾಗಿಗೆ ಟೈಪ್ ಮಾಡಿದ್ದರಿಂದ. "ಉಪ್ಪು ನೀರು ಬಿಡೋ ತನಕ ಭರಣಿಗೆ ಕೈ ಹಾಕಬೇಡ ಮಗಾ, ಅದು ತನ್ನ ಕೆಲಸ ತಾನು ಮಾಡ್ತದೆ." ಆ ಪುಟ ತೆರೆದಾಗಲೆಲ್ಲ ದನಿ ಕೇಳಿದ ಹಾಗಾಗುತ್ತದೆ, ಆದರೆ ದನಿ ಇಲ್ಲ.

ಈಗ ಹೀಗೆ ಮಾಡುತ್ತೇನೆ. ಗುಂಪಿನಲ್ಲಿ ಒಳ್ಳೆಯ ಮಾತು ಬಂದರೆ ಹೇಳಿದವರ ಒಪ್ಪಿಗೆ ಕೇಳಿ ಆ ವಾರವೇ ಬ್ಲಾಗಿಗೆ ಇಳಿಸುತ್ತೇನೆ. ಧ್ವನಿ ಸಂದೇಶಗಳನ್ನು ಬೇರೆ ತೆಗೆದು ಪೆನ್‌ಡ್ರೈವ್‌ನಲ್ಲಿ ಇಡುತ್ತೇನೆ. ವರ್ಷಕ್ಕೊಮ್ಮೆ, ದೀಪಾವಳಿ ಆದ ಮೇಲೆ, ಬ್ಲಾಗಿನದೂ ಒಂದು ಪ್ರತಿ ಇಳಿಸಿಕೊಳ್ಳುತ್ತೇನೆ. ಫೇಸ್‌ಬುಕ್ ಥರದ್ದೇ ಆರ್ಕುಟ್ ಜಾಲತಾಣ 2014ರ ಸೆಪ್ಟೆಂಬರ್ 30ಕ್ಕೆ ನಿಂತದ್ದು ನೆನಪಿದೆಯಲ್ಲ, ಯಾವುದೂ ಹೀಗೇ ಇರುತ್ತದೆ ಅಂತ ಸುಮ್ನೆ ಕೂರುವ ಹಾಗಿಲ್ಲ.

ಬ್ಲಾಗು ಎಲ್ಲರಿಗೂ ಒಗ್ಗುತ್ತದೆ ಅಂತ ಹೇಳಲಾರೆ. ಬರೆದು ತಿಂಗಳಾದರೂ ಒಂದು ಕಾಮೆಂಟು ಬರುವುದಿಲ್ಲ. ಮೊದಲೆಲ್ಲ ಒಂದು ಬರಹಕ್ಕೆ ಇಪ್ಪತ್ತು ಕಾಮೆಂಟು ಬರುತ್ತಿತ್ತು, ಆಮೇಲೆ ಜನ ಬೇರೆ ಕಡೆ ಹೋದರು, ಈಗ ಒಂದೋ ಎರಡೋ. ಬೇಗ ಉತ್ತರ ಬೇಕಾದವರು ಬೇಸರ ಪಡುತ್ತಾರೆ. ಗುಂಪಿನಲ್ಲಿ ಇದಕ್ಕೆ ಉಲ್ಟಾ, ಓದಿ ಮುಗಿಸುವುದೇ ಕಷ್ಟ. ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ, ಸಂಜೆ ಗದ್ದೆ ಮೇಲಿನ ದರೆ ಹತ್ತಿ ನಿಂತರೆ ಒಮ್ಮೆಗೇ ನೂರೈವತ್ತು ಸಂದೇಶ ಬಂದು ಬೀಳುತ್ತವೆ. ಅದರಲ್ಲಿ ಅರ್ಧ ಶುಭೋದಯ.

ಪ್ರಶ್ನೆ ಕೇಳಿದ ಹುಡುಗನಿಗೆ: ನೀನು ಹುಡುಕುತ್ತಿರುವ ಆ ಸೊಟ್ಟ ಮೂತಿಯ ಮಿಡಿಯ ಕಸಿಕಡ್ಡಿ ಈ ಜೂನ್‌ನಲ್ಲಿ ಕೊಯ್ಯುತ್ತೇವೆ. ವಾರ ಹತ್ತು ದಿನ ಮೊದಲೇ ಎಲೆ ಸವರಿ ಬಿಡುತ್ತೇವೆ, ಮೊಗ್ಗು ಉಬ್ಬಲಿ ಅಂತ. ಒದ್ದೆ ಬಟ್ಟೆ ಸುತ್ತಿ, ಬಾಳೆಪಟ್ಟೆಯಲ್ಲಿ ಕಟ್ಟಿ ಬೆಳಗಿನ ಬಸ್ಸಿಗೆ ಕೊಡುತ್ತೇವೆ. ನೀನು ಸ್ಟ್ಯಾಂಡಿನಲ್ಲಿ ನಿಂತು ಇಳಿಸಿಕೊಂಡರೆ ಅದೇ ದಿನ ಕಟ್ಟಬಹುದು. ಕಾಟುಮಾವಿನ ಸಸಿ ಚೀಲದಲ್ಲಿ ಸಿದ್ಧ ಇರಲಿ, ಮೇಲೆ ಹಾಕಲು ಐಸ್‌ಕ್ಯಾಂಡಿ ಪ್ಲಾಸ್ಟಿಕ್ ತಂದಿಟ್ಟುಕೋ. ಎಷ್ಟು ಕಡ್ಡಿ ಬೇಕು ಅಂತ ಬ್ಲಾಗಿನ ಕೆಳಗೆ ಬರೆದು, ಆ ಸಣ್ಣ ಚೌಕಕ್ಕೆ ಟಿಕ್ ಮಾಡು.